ಸೀ ಬೇರೆ, ಲುಕ್ ಬೇರೆ

ಇಂಗ್ಲಿಷ್ ಮೇಷ್ಟ್ರು ನನ್ನನ್ನು ಕೆಡಿಸಿದರು ಎಂಬುದು ಜಯನಗರದ ನಮ್ಮ ಬೀದಿಯವರ ವಾದ. ಸಾಕ್ಷಿ ಎಲ್ಲಿದೆ? ಪಕ್ಕದ ಮನೆಯ ಆ ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿ, “ಸೀ ಅಂದ್ರೆ ತಾನಾಗಿ ಕಂಡದ್ದು, ಲುಕ್ ಅಂದ್ರೆ ಬೇಕೂಂತ ನೋಡಿದ್ದು” ಎಂದು ಹೇಳಿಕೊಡುತ್ತಿದ್ದರು, ಅಷ್ಟೆ.

ನಾನು ಬಿ.ಎ. ಓದುತ್ತಿದ್ದಾಗ ಗಂಡಿನವರು ಹೆಣ್ಣು ನೋಡಲು ಬಂದರು. ಅಪ್ಪ ಮೇಷ್ಟ್ರನ್ನೂ ಕರೆದಿದ್ದರು. ನಾನು ತಲೆ ತಗ್ಗಿಸಿಕೊಂಡೇ ಕಾಫಿ ಕೊಟ್ಟೆ.

“ನೋಡಿದ್ದಾಯ್ತು, ಹುಡುಗಿ ಒಪ್ಪಿಗೆ. ಓದು ಇಲ್ಲಿಗೆ ಸಾಕು,” ಎಂದರು ಹುಡುಗನ ತಾಯಿ.

ಮೇಷ್ಟ್ರ ಕನ್ನಡಕ ಹಣೆಗೇರಿತು. “ಅವಳಿಗೆ ನಿಮ್ಮ ಮಗನ ಕಾಲುಬೆರಳು ಕಂಡಿದೆ, ತಾಯಿ. ಅವನನ್ನ ಅವಳಿನ್ನೂ ನೋಡಿಲ್ಲ. ತಲೆ ಎತ್ತಮ್ಮ, ಲುಕ್!”

ಎತ್ತಿದೆ. ಹುಡುಗ ನನಗಿಂತ ಹೆಚ್ಚು ಬೆವರುತ್ತಿದ್ದ. ಆದರೆ ಕಣ್ಣು ತಪ್ಪಿಸಲಿಲ್ಲ. ಅವನನ್ನೇ ಕೇಳಿದೆ: “ಓದು ಸಾಕು ಅನ್ನೋದು ನಿಮ್ಮಮ್ಮನ ಮಾತಾಯ್ತು. ನೀವೇನಂತೀರಿ?”