ಎಣ್ಣೆ ಕೊಟ್ಟವರ ಸಾಲು

ಎರಡು ಸಾವಿರದ ಇಸವಿಯ ಆಚೀಚೆ ನಾನು ಹಲಗೇರಿ ಕಡೆಯ ಒಂದು ಹಳ್ಳಿಯಲ್ಲಿ ಇತಿಹಾಸ ಕಲಿಸುವ ಮಾಸ್ತರನಾಗಿದ್ದೆ. ಊರಿನಲ್ಲಿ ಚಾಲುಕ್ಯರ ಕಾಲದ ಶಿವನ ಗುಡಿಯ ಜೀರ್ಣೋದ್ಧಾರ ನಡೆದಿತ್ತು. ಕಳಸಾರೋಹಣದ ದಿನ ಹಂಚಲು ಗುಡಿಯ ಇತಿಹಾಸದ ಪುಸ್ತಿಕೆ ಬೇಕೆಂದು ಕಮಿಟಿಯವರು ನನ್ನನ್ನು ಹಿಡಿದರು. ಹೆಸರು ಅಚ್ಚಾಗುತ್ತದಲ್ಲ, ಉಬ್ಬಿಹೋದೆ.

ಗುಡಿಯ ಬಲಕ್ಕೆ ಶಾಸನದ ಕಲ್ಲೊಂದಿತ್ತು. ಆ ಹಳೆಯ ಲಿಪಿ ಓದಬಲ್ಲವನು ಊರಲ್ಲಿ ನಾನೊಬ್ಬನೇ. ಅಕ್ಷರ ಎದ್ದು ಕಾಣಲು ಕಲ್ಲಿಗೆ ಹಿಟ್ಟು ಸವರಬೇಕು. ಗಾಣಿಗರ ಮನೆಯ ಆಯಿಯೊಬ್ಬಳು ಬುಟ್ಟಿ ತುಂಬ ಜೋಳದ ಹಿಟ್ಟು ತಂದುಕೊಟ್ಟು ಪಕ್ಕದಲ್ಲೇ ಕುಳಿತಳು. ಪ್ರತಿ ಸೋಮವಾರ ಗುಡಿಯ ದೀಪಕ್ಕೆ ಮೊದಲ ಎಣ್ಣೆ ಅವಳ ಮನೆಯದು. ಅವಳ ಅತ್ತೆಯ ಅತ್ತೆಯೂ ತಂದು ಹಾಕಿದವಳೇ. ಹೊಸ ಕಮಿಟಿ ಆ ಮಾನವನ್ನು ಅಧ್ಯಕ್ಷರ ಮನೆಗೆ ಕೊಡಲು ಹೊರಟಿತ್ತು. ಅವಳಿಗೆ ಪುರಾವೆ ಬೇಕಿತ್ತು, ಅಷ್ಟೇ.

ಮೂರು ದಿನ ಕಣ್ಣು ಕಿರಿದು ಮಾಡಿ ಓದಿದೆ. ಕೆಳಗಿನ ಸಾಲೊಂದರಲ್ಲಿ ಸ್ಪಷ್ಟವಾಗಿತ್ತು: ನಂದಾದೀಪಕ್ಕೆಂದು ಊರ ಗಾಣಿಗರು ಪ್ರತಿ ಗಾಣದಿಂದ ಒಂದು ಸೊಲಿಗೆ ಎಣ್ಣೆ ಬಿಟ್ಟಿದ್ದರು.

“ಖರೇನ ಐತೇನ್ರಿ ಸರ?”

“ಐತಿ ಆಯಿ. ಕಲ್ಲಿನ್ಯಾಗ ಕೊರದಾರ.”

ಅವಳು ಕಲ್ಲಿಗೆ ಹಣೆ ಹಚ್ಚಿದಳು. ಎದ್ದಾಗ ಮುಖವೆಲ್ಲ ಹಿಟ್ಟಾಗಿತ್ತು.

ಅಧ್ಯಕ್ಷರು ಕರಡು ನೋಡಿದರು. “ಇದನ್ನ ಬರದ್ರ ನಾಳೆ ಹಕ್ಕಿನ ತಂಟೆ ಶುರುವಾಗತೈತ್ರಿ. ಅಕ್ಷರ ಸವದಾವ ಅಂತ ಬರೀರಿ, ಮುಗೀತು.” ನಾನು ಒಪ್ಪಿಕೊಂಡೆ. ಅವರದೇ ಮನೆಯಲ್ಲಿ ಬಾಡಿಗೆಗಿದ್ದೆ ಎಂಬುದು ನೆಪ. ಪುಸ್ತಿಕೆ ಬೇರೆ ಯಾರ ಹೆಸರಲ್ಲೋ ಬಂದೀತು ಎಂಬ ಹೆದರಿಕೆ ನಿಜ. ‘ಮುಂದಿನ ಸಾಲುಗಳು ಸವೆದುಹೋಗಿವೆ’ ಎಂದು ಬರೆದು ರಾಣೆಬೆನ್ನೂರಿನ ಪ್ರೆಸ್ಸಿಗೆ ನಾನೇ ಒಯ್ದುಕೊಟ್ಟೆ. ನಾಚಿಕೆಗೆಟ್ಟ ಕೆಲಸ. ಅದಕ್ಕಿಂತ ಕೆಟ್ಟದ್ದು ಇನ್ನೂ ಬಾಕಿಯಿತ್ತು.

ಪುಸ್ತಿಕೆ ಬಂದ ದಿನ ಆಯಿ ಒಂದು ಪ್ರತಿ ಹಿಡಿದು ನನ್ನ ಮನೆಗೆ ಬಂದಳು. ಅವಳಿಗೆ ಓದು ಬಾರದು. “ನಮ್ಮದು ಎಲ್ಲೈತಿ, ಓದಿ ಹೇಳ್ರಿ ಸರ.” ನಾನು ಹಾಳೆ ತಿರುವಿ, ಇಲ್ಲದ ಸಾಲನ್ನು ಇದ್ದಂತೆ ಓದಿದೆ. ಗುರುತಿಗೆ ಪುಟದ ಮೂಲೆ ಮಡಚಿಕೊಡಲು ಕೇಳಿದಳು. ಅದನ್ನೂ ಮಾಡಿದೆ.

ಕಳಸಾರೋಹಣದ ಬೆಳಿಗ್ಗೆ ಗುಡಿಯ ಬಾಗಿಲಲ್ಲಿ ಕಮಿಟಿಯವರು ಅವಳನ್ನು ತಡೆದರು. ಒಂದು ಕೈಯಲ್ಲಿ ಎಣ್ಣೆಯ ಗಿಂಡಿ, ಇನ್ನೊಂದರಲ್ಲಿ ಪುಸ್ತಿಕೆ. “ಬುಕ್ಕಿನ್ಯಾಗ ಐತಿ, ನೋಡ್ರಿ” ಎಂದು ಮಡಚಿದ ಪುಟ ತೋರಿಸಿದಳು. ಅಧ್ಯಕ್ಷರು ಇಡೀ ಪುಟವನ್ನು ಎಲ್ಲರಿಗೂ ಕೇಳುವಂತೆ ಓದಿದರು. ಗಾಣಿಗರ ಸುದ್ದಿಯೇ ಇರಲಿಲ್ಲ.

“ಐತಿ ಅಂತ ನಿನಗ ಯಾರ್ ಹೇಳಿದ್ರು ಆಯಿ?”

ನಾನು ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಅವಳು ನನ್ನತ್ತ ನೋಡಿದಳು. ಒಂದು ಮಾತು ಆಡಿದ್ದರೆ ಸಾಕಿತ್ತು.

“ಯಾರೂ ಹೇಳಿಲ್ಲರಿ” ಎಂದಳು. “ನಾನ ಸುಳ್ಳು ಹೇಳೀನಿ.”