ಸೆರಾಪಿಯೊ ಇಲ್ಲದ ಎರಡು ನಿಮಿಷ

ದೋನ್ಯಾ ಬಸೀಲಿಯಾ ಮನೆಯೊಳಗೆ ಬರುವಾಗ ಮಾತಾಡಿಕೊಂಡೇ ಬರುತ್ತಿದ್ದರು. ಹೊಸ್ತಿಲು ದಾಟುವ ಮೊದಲೇ ಮಾತು ಶುರುವಾಗಿರುತ್ತಿತ್ತು. ಆಲೂಗಡ್ಡೆ ಮಾರುವವಳ ಜಂಬ, ಮೆಟ್ಟಿಲಿಗೆ ಅಡ್ಡ ಮಲಗಿದ್ದ ನಾಯಿ, ತಮ್ಮ ಮೊಣಕಾಲಿನ ನೋವು. ಪಕ್ಕದ ಕೋಣೆಯಲ್ಲಿ ಬಾಡಿಗೆಗಿದ್ದ ನಾನು ಮೊದಮೊದಲು ಯಾರೋ ನೆಂಟರು ಬಂದಿರಬೇಕು ಎಂದುಕೊಂಡಿದ್ದೆ. ಕೇಳಿಸಿಕೊಳ್ಳುತ್ತಿದ್ದವನು ಸೆರಾಪಿಯೊ. ಹೊಲಿಗೆ ಯಂತ್ರದ ಮೇಲಿನ ಗೂಡಿನಲ್ಲಿ, ಗಾಜಿನ ಬಾಗಿಲಿನ ಮರದ ಪೆಟ್ಟಿಗೆಯೊಳಗೆ, ಕೆಂಪು ಉಣ್ಣೆಯ ಟೋಪಿ ಹಾಕಿಕೊಂಡು ಕೂತಿದ್ದ ತಲೆಬುರುಡೆ.

ಲಾ ಪಾಸ್‌ನ ಬೆಟ್ಟದ ಮೇಲಿರುವ ನಮ್ಮ ಓಣಿಯಲ್ಲಿ ಸೆರಾಪಿಯೊನಂಥ ಬುರುಡೆಗಳು ಇನ್ನೂ ಮೂರು ಮನೆಗಳಲ್ಲಿದ್ದರು. ನವೆಂಬರ್ ಎಂಟನೇ ತಾರೀಕು ಎಲ್ಲರೂ ಹೂವಿನ ಕಿರೀಟ ತೊಟ್ಟು ಸ್ಮಶಾನದ ಗುಡಿಗೆ ಹೋಗಿ, ಬ್ಯಾಂಡ್ ಕೇಳಿ, ಸಿಗರೇಟು ಸೇದಿ ಮನೆಗೆ ಮರಳುತ್ತಿದ್ದರು. ಉಳಿದ ದಿನಗಳಲ್ಲಿ ಮನೆ ಕಾಯುವುದೇ ಅವರ ಕೆಲಸ.

ಬಸೀಲಿಯಾ ಲಿಮಾಚಿ, ಓಣಿಯವರ ಬಾಯಲ್ಲಿ ಗೌರವದ ‘ದೋನ್ಯಾ’, ಹನ್ನೊಂದನೇ ವಯಸ್ಸಿಗೆ ಹಳ್ಳಿಯಿಂದ ಬಂದು ದೊಡ್ಡವರ ಮನೆಯೊಂದರಲ್ಲಿ ಕೆಲಸಕ್ಕೆ ಸೇರಿದವರು. ಆ ಮನೆಯಲ್ಲಿ ಉಳಿದುಕೊಂಡಿದ್ದ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಓದು ಮುಗಿಸಿ ಹೋಗುವಾಗ ಮಂಚದ ಕೆಳಗೆ ಒಂದು ರಟ್ಟಿನ ಡಬ್ಬಿ ಬಿಟ್ಟುಹೋದ. ಅದನ್ನು ಹಳ್ಳಕ್ಕೆ ಎಸೆದು ಬಾ ಎಂದಳು ಯಜಮಾನಿ. ಬಸೀಲಿಯಾ ಹಳ್ಳದ ಅಂಚಿಗೆ ಹೋಗಿ ಮುಚ್ಚಳ ತೆಗೆದು ನೋಡಿದರು.

“ಅಂಥಾ ಚಳೀಲಿ ಬರೀ ತಲೇಲಿ ಹೆಂಗೆ ಬಿಟ್ಟು ಬರ್ಲಿ ಹೇಳು?” ಎಂದು ನನ್ನನ್ನು ಕೇಳಿದ್ದರು. ಮೊದಲು ಟೋಪಿ ಹೆಣೆದರಂತೆ. ಮೂರನೇ ವಾರ ಕನಸಿನಲ್ಲಿ ಬಂದು ಅವನೇ ತನ್ನ ಹೆಸರು ಹೇಳಿದನಂತೆ.

ಆಮೇಲೆ ಅವರು ನೆರಿಗೆ ಲಂಗ ಹೊಲಿಯುವುದನ್ನು ಕಲಿತರು. ಮದುವೆಯಾದರು. ಗಂಡ ಫೆರ್ಮಿನ್ ದ್ರಾಕ್ಷಿ ಕೀಳುವ ಕೆಲಸಕ್ಕೆಂದು ಅರ್ಜೆಂಟೀನಾಕ್ಕೆ ಹೋದವನು ತಿರುಗಿ ಬರಲಿಲ್ಲ. ಅದನ್ನು ಹೇಳುವಾಗ ದೋನ್ಯಾ ಬಸೀಲಿಯಾ ನಗುತ್ತಿದ್ದರು. “ಹೋಗೋನು ಹೋದ. ಇವನಿಗೆ ಕಾಲಿಲ್ಲ ಪಾಪ, ಹೋಗ್ತೀನಂದ್ರೂ ಎಲ್ಲಿಗೆ ಹೋಗ್ತಾನೆ?”

ನಾನು ಸಿನಿಮಾ ಓದುತ್ತಿದ್ದೆ. ಎರಡನೇ ವರ್ಷ ಮೇಷ್ಟರು ಒಂದು ಕೆಲಸ ಕೊಟ್ಟರು. ಭಯದ ಚಿತ್ರವೊಂದರ ಮೊದಲ ಎರಡು ನಿಮಿಷ ತೆಗೆಯಬೇಕು. ಹಲಗೆಯ ಮೇಲೆ ಪಟ್ಟಿ ಬರೆದರು. ಕತ್ತಲೆ, ಕಿರುಗುಡುವ ಬಾಗಿಲು, ಒಂಟಿ ಹೆಂಗಸು, ಬುರುಡೆ, ಸಂಗೀತ, ಚೀತ್ಕಾರ. “ಇದರಲ್ಲಿ ಕೆಲವನ್ನು ಬಳಸಿ. ಕೆಲವನ್ನು ಮುರಿಯಿರಿ. ಯಾಕೆ ಮುರಿದಿರಿ ಅಂತ ಹೇಳೋಕೆ ಬರಬೇಕು.”

ನನ್ನ ಜೊತೆಗಾರ ಮೌರಿಸಿಯೊ ಕೆಳಗಿನ ದಕ್ಷಿಣ ಬಡಾವಣೆಯವನು. ಕ್ಯಾಮೆರಾ ಅವನದೇ. ತರಗತಿ ಮುಗಿಯುವಷ್ಟರಲ್ಲಿ ಅವನ ಕಣ್ಣು ಹೊಳೆಯುತ್ತಿತ್ತು. “ನೆಲ್ವಾ, ನಿನ್ನ ಓನರಮ್ಮನ ಹತ್ರ ನಿಜವಾದ್ದೇ ಇದೆಯಲ್ಲೇ! ಬೇರೆಯವರೆಲ್ಲ ಪ್ಲಾಸ್ಟಿಕ್ ಬುರುಡೆ ತರ್ತಾರೆ.”

ದೋನ್ಯಾ ಬಸೀಲಿಯಾ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟು ನನ್ನ ಮಾತು ಕೇಳಿದರು.

“ಸಿನಿಮಾದಲ್ಲಿ ಇವನು ಏನು ಮಾಡ್ಬೇಕು?”

“ಸುಮ್ನೆ ಕೂತಿರ್ತಾನೆ, ದೋನ್ಯಾ.”

“ಯಾರನ್ನೂ ಹೆದರಿಸೋ ಕೆಲಸ ಮಾಡಿಸ್ಬೇಡಿ. ಮೂವತ್ತೆಂಟು ವರ್ಷದಿಂದ ಇವನು ಒಬ್ಬರನ್ನೂ ಹೆದರಿಸಿಲ್ಲ. ಒಂದ್ಸಲ ರಾತ್ರಿ ಕಿಟಕೀಲಿ ನುಗ್ಗಿದ ಕಳ್ಳ ಒಬ್ಬನ್ನ ಬಿಟ್ಟು. ಮರ್ಯಾದೆಯಾಗಿ ಕರ್ಕೊಂಡೋಗಿ ಮರ್ಯಾದೆಯಾಗಿ ಕರ್ಕೊಂಡ್ಬಾ. ಆಗ್ತದಾ?”

ಆಗುತ್ತದೆ ಎಂದು ತಲೆಯಾಡಿಸಿದೆ. ಬುರುಡೆ ಕಂಡು ಹೆಂಗಸು ಚೀರುವ, ಮೌರಿಸಿಯೊ ಬರೆದ ದೃಶ್ಯ ಆಗ ನನ್ನ ಚೀಲದಲ್ಲೇ ಇತ್ತು.

ಮಾರನೇ ಬೆಳಿಗ್ಗೆ ಸೆರಾಪಿಯೊನನ್ನು ತೊಡೆಯ ಮೇಲಿಟ್ಟುಕೊಂಡು ಕೇಬಲ್ ಕಾರಿನಲ್ಲಿ ಕೆಳಗಿಳಿದೆ. ಎದುರು ಕೂತಿದ್ದ ಮುದುಕ ಹ್ಯಾಟು ತೆಗೆದು, “ಶುಭೋದಯ ದೋನ್, ಸವಾರಿ ಎಲ್ಲಿಗೆ?” ಎಂದು ಮಾತಾಡಿಸಿ, ಟೋಪಿಯ ಅಂಚಿಗೆ ಎರಡು ಕೋಕಾ ಎಲೆ ಕಾಣಿಕೆಯಾಗಿ ಸಿಕ್ಕಿಸಿದ.

ಮೌರಿಸಿಯೊನ ಅಜ್ಜಿಯ ಹಳೇ ಮನೆಯಲ್ಲಿ ಎಲ್ಲವೂ ಸಿದ್ಧವಾಗಿತ್ತು. ಕಿಟಕಿಗಳಿಗೆ ಕಪ್ಪು ಬಟ್ಟೆ, ಒಂದು ಕೆಂಪು ಬಲ್ಬು. “ಟೋಪಿ ತೆಗಿ. ಇದ್ರೆ ಯಾರೋ ತಾತನ ಥರ ಕಾಣ್ತಾನೆ,” ಎಂದ ಮೌರಿಸಿಯೊ. ನಾನೇ ತೆಗೆದೆ. ಮೆಟ್ಟಿಲ ಬುಡದಲ್ಲಿ, ಬರೀ ನೆಲದ ಮೇಲೆ ಇಟ್ಟೆವು. ಬಲ್ಬು ಹತ್ತಿಸಿದಾಗ ಕಣ್ಣುಗುಳಿಗಳು ಕೆಂಪಾದವು. ಸೆರಾಪಿಯೊ ಯಾರೋ ಅಪರಿಚಿತನಂತೆ ಕಂಡ. ಎರಡು ಮೂರು ಸಲ ತೆಗೆಯುವಷ್ಟರಲ್ಲಿ ಕ್ಯಾಮೆರಾದ ಬ್ಯಾಟರಿ ಮುಗಿಯಿತು. ಇನ್ನೊಂದನ್ನು ನನ್ನ ಕೋಣೆಯಲ್ಲೇ ಮರೆತಿದ್ದೆ. ಬೈಸಿಕೊಂಡು ಮತ್ತೆ ಬೆಟ್ಟ ಹತ್ತಿದೆ.

ನಡು ಮಧ್ಯಾಹ್ನ. ಅಂಗಳದಲ್ಲಿ ಕಣ್ಣು ಚುಚ್ಚುವ ಬಿಸಿಲು. ದೋನ್ಯಾ ಬಸೀಲಿಯಾ ಅವರ ಬಾಗಿಲು ತೆರೆದಿತ್ತು. ಅವರು ಯಂತ್ರದ ಮುಂದೆ ಕೂತರು, ಎದ್ದರು. ಕಿಟಕಿಯ ಚಿಲಕ ಎಳೆದು ನೋಡಿದರು. ಕತ್ತರಿ ಎತ್ತಿ ಬೇರೆ ಕಡೆ ಇಟ್ಟು, ಒಂದು ಕ್ಷಣದ ಮೇಲೆ ಅದನ್ನೇ ಹುಡುಕಿದರು. ಏನೋ ಹೇಳಲು ಬಾಯಿ ತೆರೆದು ಗೂಡಿನ ಕಡೆ ತಿರುಗಿ, ಮುಚ್ಚಿದರು. ಖಾಲಿ ಪೆಟ್ಟಿಗೆಯ ಮುಂದೆ ಮೇಣದ ಬತ್ತಿ ಉರಿಯುತ್ತಿತ್ತು. ನಾನು ಬಿಸಿಲಿನಲ್ಲೇ ನಿಂತುಬಿಟ್ಟೆ.

ಅವರು ನನ್ನನ್ನು ಕಂಡರು. “ಬಂದ್ಯಾ? ಅವನೆಲ್ಲಿ?”

“ಚೆನ್ನಾಗಿದ್ದಾನೆ, ದೋನ್ಯಾ. ಬ್ಯಾಟರಿ ಬೇಕಿತ್ತು.”

“ಒಂದು ಲಂಗಕ್ಕೆ ಮೂರು ಸಲ ನೆರಿಗೆ ಬಿಚ್ಚಿದೆ ಕಣೇ. ಕೈಯೇ ಓಡ್ತಿಲ್ಲ.” ಸ್ವಲ್ಪ ತಡೆದು ಕೇಳಿದರು. “ಟೋಪಿ ತಲೆ ಮೇಲಿದೆ ತಾನೇ?”

ನಾನು ಬ್ಯಾಟರಿ ಎತ್ತಿಕೊಂಡು ಓಡಿದೆ.

ಅಜ್ಜಿ ಮನೆಗೆ ಹೋದವಳೇ ಮೊದಲು ಸೆರಾಪಿಯೊನನ್ನು ನೆಲದಿಂದ ಎತ್ತಿ ಟೋಪಿ ಹಾಕಿದೆ. ನಮ್ಮ ಚಿತ್ರ ಬೆಟ್ಟದ ಮೇಲೆ, ದೋನ್ಯಾ ಬಸೀಲಿಯಾ ಅವರ ಕೋಣೆಯಲ್ಲಿದೆ ಎಂದು ಮೌರಿಸಿಯೊಗೆ ಹೇಳಿದೆ. ಹಗಲು, ತೆರೆದ ಬಾಗಿಲು, ಖಾಲಿ ಪೆಟ್ಟಿಗೆ.

“ಖಾಲಿ ಪೆಟ್ಟಿಗೆ ನೋಡಿ ಯಾರಮ್ಮಾ ಹೆದರ್ತಾರೆ?”

“ದೋನ್ಯಾ ಬಸೀಲಿಯಾ ಹೆದರಿದ್ದಾರೆ. ಅವರನ್ನ ನೋಡಿ ನಾನೂ ಹೆದರಿದೆ.”

“ಬುರುಡೆ ಸಿನಿಮಾದಲ್ಲಿ ಬುರುಡೇನೇ ಇರಲ್ವಾ? ತಲೆ ಕೆಟ್ಟಿದೆ ನಿಂಗೆ,” ಎಂದ. ಆದರೂ ಕ್ಯಾಮೆರಾ ಹೊತ್ತುಕೊಂಡು ನನ್ನ ಹಿಂದೆ ಬಂದ.

ಸೆರಾಪಿಯೊನನ್ನು ದೋನ್ಯಾ ಬಸೀಲಿಯಾ ಕೈಗೆ ಕೊಟ್ಟು ನಾನು ಎಲ್ಲ ಹೇಳಿಬಿಟ್ಟೆ. ಕೆಂಪು ಬಲ್ಬು, ಬರೀ ನೆಲ, ಟೋಪಿ. ಅವರು ಒದ್ದೆ ಬಟ್ಟೆಯಿಂದ ಅವನ ಹಣೆ ಒರೆಸಿದರು. ಸಿಗರೇಟು ಹಚ್ಚಿ ಅವನ ಹಲ್ಲಿನ ನಡುವೆ ಇಟ್ಟರು. ನನ್ನ ಕಡೆ ನೋಡಲೇ ಇಲ್ಲ. “ನೆಲದ ಮೇಲೆ ಕೂರಿಸಿದ್ರಂತೆ ನಿನ್ನ. ಓದಿದೋರಂತೆ ಇವರು,” ಎಂದು ಅವನಿಗೆ ಹೇಳಿದರು. ಅವನು ಸಿಗರೇಟು ಮುಗಿಸುವವರೆಗೆ ನಾವಿಬ್ಬರೂ ನಿಂತೇ ಇದ್ದೆವು.

ಆಮೇಲೆ ಹೊಸ ಯೋಚನೆ ಹೇಳಿದೆ. ಅವರು ಹೊರಗಿಂದ ಬರಬೇಕು, ಅವನು ಪೆಟ್ಟಿಗೆಯಲ್ಲಿ ಇರಬಾರದು, ಅಷ್ಟೇ.

“ನಾನಾ? ನಟಿಯಾ?” ಎಂದು ಕೊನೆಗೂ ನಕ್ಕರು. “ಹಾಗಾದ್ರೆ ಒಳ್ಳೇ ಲಂಗ ಉಡ್ತೀನಿ.”

ಮೊದಲ ಸಲ ಸೆರಾಪಿಯೊನನ್ನು ಕ್ಯಾಮೆರಾದ ಹಿಂದೆ ಒಂದು ಸ್ಟೂಲಿನ ಮೇಲೆ ಕೂರಿಸಿದೆವು. ದೋನ್ಯಾ ಬಸೀಲಿಯಾ ಒಳಗೆ ಬಂದರು, ಖಾಲಿ ಪೆಟ್ಟಿಗೆ ನೋಡಿದರು, ಎದೆಯ ಮೇಲೆ ಕೈಯಿಟ್ಟರು, ನಕ್ಕುಬಿಟ್ಟರು. ಎರಡನೇ ಸಲವೂ ಹಾಗೇ ಆಯಿತು.

“ಅಲ್ಲೇ ಕೂತ್ಕೊಂಡು ನೋಡ್ತಾ ಇದಾನಲ್ಲ! ಹೆದರಿಕೆ ಎಲ್ಲಿಂದ ಬರ್ಬೇಕು ನಂಗೆ?”

ಅವನನ್ನು ಹೊರಗೆ ಕಳಿಸಿದರೆ ಬರುತ್ತದೆಂದು ನನಗೆ ಗೊತ್ತಿತ್ತು. ನಾನು ಕೇಳಲಿಲ್ಲ. ಆದರೆ ಕ್ಯಾಮೆರಾ ಎತ್ತಿಡು ಎಂದು ಮೌರಿಸಿಯೊಗೆ ಹೇಳಲೂ ಇಲ್ಲ. ಅವರು ನನ್ನ ಮುಖವನ್ನೇ ನೋಡಿದರು.

“ಇದು ಆಗ್ದಿದ್ರೆ ನಿನ್ನ ಫೇಲ್ ಮಾಡ್ತಾರಾ?”

“ಮಾಡಬಹುದು.”

“ಎಷ್ಟೊತ್ತು ಬೇಕು?”

“ಎರಡು ನಿಮಿಷ.”

“ಪಕ್ಕದ ಮನೆಗೆ ಕರ್ಕೊಂಡೋಗು. ಯಾವ ಕೋಣೇಲಿ ಇಡ್ತೀಯ ಅಂತ ನಂಗೆ ಹೇಳ್ಬೇಡ. ಹೋಗು, ಬೇಗ.”

ಆ ಎರಡು ನಿಮಿಷದಲ್ಲಿ ಹೆಚ್ಚೇನೂ ನಡೆಯುವುದಿಲ್ಲ. ಬಿಸಿಲಿನಿಂದ ಒಬ್ಬ ಹೆಂಗಸು ಒಳಗೆ ಬರುತ್ತಾಳೆ. “ಆ ಆಲೂಗಡ್ಡೆಯೋಳು ಇವತ್ತೂ ಮುಖ ಊದಿಸ್ಕೊಂಡಿದ್ಲು ಕಣೋ,” ಎನ್ನುತ್ತಾ ಚೀಲ ಕೆಳಗಿಡುತ್ತಾಳೆ. ಬ್ರೆಡ್ಡು ತೆಗೆದಿಡುತ್ತಾಳೆ. “ನಾನಂದೆ, ಏನಮ್ಮಾ ನೀನು…” ಎಂದು ತಿರುಗುತ್ತಾಳೆ. ಮಾತು ಅಲ್ಲೇ ನಿಲ್ಲುತ್ತದೆ. ಸಂಗೀತವಿಲ್ಲ, ಕಿರುಚಾಟವಿಲ್ಲ. ಗಾಜಿನ ಬಾಗಿಲನ್ನು ಬೆರಳಿಂದ ತೆರೆದು ಒಳಗೆ ಕೈ ಹಾಕಿ, ಅವನು ಕೂರುತ್ತಿದ್ದ ಮೆತ್ತೆಯ ತಗ್ಗನ್ನು ಸವರುತ್ತಾಳೆ. ಆಮೇಲೆ ಬಹಳ ಸಣ್ಣ ದನಿಯಲ್ಲಿ, “ನೀನೂನಾ?” ಎನ್ನುತ್ತಾಳೆ.

ಆ ಮಾತನ್ನು ನಾನು ಬರೆದುಕೊಟ್ಟಿರಲಿಲ್ಲ. ಮೌರಿಸಿಯೊ ಕ್ಯಾಮೆರಾ ನಿಲ್ಲಿಸುವುದನ್ನೇ ಮರೆತ. ನಾನು ಸಾಕು ಎನ್ನುವ ಮೊದಲೇ ಅವರು ಪಕ್ಕದ ಮನೆಗೆ ಓಡಿದ್ದರು, ಮೊಣಕಾಲಿನ ನೋವನ್ನೂ ಮರೆತು.

ತರಗತಿಯಲ್ಲಿ ತೋರಿಸಿದಾಗ ಮುಂದಿನ ಸಾಲಿನವರು ಇನ್ನೇನೋ ಬರುತ್ತದೆಂದು ಕಾಯುತ್ತಾ ಕೂತಿದ್ದರು. ಬೆಟ್ಟದ ಮೇಲಿಂದ ಬರುವ ಹುಡುಗಿಯೊಬ್ಬಳು ಎದ್ದು ಹೊರಗೆ ಹೋಗಿ ಅವರಮ್ಮನಿಗೆ ಫೋನು ಮಾಡಿದಳು. ಏನನ್ನು ಮುರಿದಿರಿ ಎಂದು ಮೇಷ್ಟರು ಕೇಳಿದರು. ಕತ್ತಲೆಯನ್ನು, ಚೀತ್ಕಾರವನ್ನು, ಬುರುಡೆಯನ್ನು ಎಂದೆ. ಏನನ್ನು ಉಳಿಸಿಕೊಂಡಿರಿ ಎಂದರು. ಒಂಟಿ ಹೆಂಗಸನ್ನು ಎಂದೆ. ಪಾಸು ಮಾಡಿದರು.

ದೋನ್ಯಾ ಬಸೀಲಿಯಾಗೂ ತೋರಿಸಿದೆ. ಸೆರಾಪಿಯೊನನ್ನು ಮಡಿಲಲ್ಲಿಟ್ಟುಕೊಂಡು ನೋಡಿದರು. “ಲಂಗದ ನೆರಿಗೆ ಚೆನ್ನಾಗಿ ಬಿದ್ದಿದೆ,” ಎಂದರು. ಇನ್ನೊಮ್ಮೆ ಹಾಕಲೇ ಎಂದು ಕೇಳಿದೆ. ಬೇಡ ಎಂದರು.

ಆ ಮನೆಯಲ್ಲಿ ಆಮೇಲೂ ಎರಡು ವರ್ಷ ಇದ್ದೆ. ಸೆರಾಪಿಯೊ ಗೂಡು ಬಿಟ್ಟು ಎಲ್ಲಿಗೂ ಹೋಗಲಿಲ್ಲ, ಪ್ರತಿ ಚಳಿಗಾಲಕ್ಕೆ ಹೊಸ ಟೋಪಿ ಬಂತು. ಆದರೆ ದೋನ್ಯಾ ಬಸೀಲಿಯಾ ಪೇಟೆಯಿಂದ ಮರಳುವಾಗ ಹೊಸ್ತಿಲ ಹೊರಗೆ ಮಾತು ಕೇಳಿಸುತ್ತಿರಲಿಲ್ಲ. ಬಾಗಿಲು ತೆರೆದ ಸದ್ದು ಬರುತ್ತಿತ್ತು. ಆಮೇಲೆ ಉಸಿರು ಬಿಗಿಹಿಡಿದಷ್ಟು ಹೊತ್ತು ಏನೂ ಇಲ್ಲ. ಗೋಡೆಯ ಈಚೆ ನಾನೂ ಓದುತ್ತಿದ್ದುದನ್ನು ನಿಲ್ಲಿಸಿ ಕಾಯುತ್ತಿದ್ದೆ. ಮೊದಲು ಅವರು ನೋಡುತ್ತಿದ್ದರು. ಮಾತು ಶುರುವಾಗುತ್ತಿದ್ದುದು ಆಮೇಲೆ.