ಈರಣ್ಣನ ಕೈಯಲ್ಲಿ ಮಾತ್ರ ಕೆಡುತ್ತಿದ್ದ ಪಿಸ್ತೂಲು

ಕೊರೋನಾದ ನಿರ್ಬಂಧಗಳೆಲ್ಲ ಮುಗಿದು ಕಚೇರಿಗಳು ಮೊದಲಿನಂತೆ ತೆರೆದ ಮರುವರ್ಷ ನಾನು ಅಬುಧಾಬಿಯ ಒಂದು ಭದ್ರತಾ ಕಂಪನಿಯಲ್ಲಿ ಆರ್ಮರರ್ ಆಗಿದ್ದೆ. ಆಯುಧಗಳನ್ನು ಬಿಚ್ಚಿ, ತೊಳೆದು, ಸವೆದ ಭಾಗ ಬದಲಿಸಿ, ಬೀಗದ ಕೋಣೆಯಲ್ಲಿ ಕಾಯುವುದು ಆರ್ಮರರ್‌ನ ಕೆಲಸ. ಭಾರತೀಯ ಸೇನೆಯಲ್ಲಿ ಇದನ್ನೇ ಮಾಡಿ ನಿವೃತ್ತನಾಗಿ, ನನ್ನ ಊರು ಬೆಳ್ಮಣ್ಣಿನಲ್ಲಿ ಕೆಲವು ತಿಂಗಳು ಸುಮ್ಮನೆ ಕೂತು ಬೇಜಾರಾಗಿ ಇಲ್ಲಿಗೆ ಬಂದಿದ್ದೆ.

ಈ ದೇಶದಲ್ಲಿ ಸಾಮಾನ್ಯ ಕಾವಲುಗಾರನ ಸೊಂಟದಲ್ಲಿ ಪಿಸ್ತೂಲು ಇರುವುದಿಲ್ಲ. ನಮ್ಮ ಕಂಪನಿಗೆ ಒಂದೆರಡು ಜಾಗಗಳಿಗಷ್ಟೇ ವಿಶೇಷ ಅನುಮತಿ ಇತ್ತು. ಅಲ್ಲಿನ ಹಳೆಯ ಪಿಸ್ತೂಲುಗಳು ಸವೆದಿದ್ದವು, ಹೊಸದು ಬೇಕಿತ್ತು. ಹೆಸರಾಂತ ಕಾರ್ಖಾನೆಗಳ ಬೆಲೆ ನೋಡಿ ಕಚೇರಿ ಬೆಚ್ಚಿತು. ಆಗ ಖರೀದಿ ವಿಭಾಗದ ದೀಪಕ್ ಅಗ್ಗದ ಸೆಮಿ ಆಟೊಮ್ಯಾಟಿಕ್ ಪಿಸ್ತೂಲೊಂದರ ಸುದ್ದಿ ತಂದ. ಬೆಲೆ ಉಳಿದವುಗಳ ಅರ್ಧಕ್ಕೂ ಕಡಿಮೆ. ಕಾರ್ಖಾನೆಯ ಹೆಸರನ್ನು ನಾನು ಕೇಳಿಯೇ ಇರಲಿಲ್ಲ.

ಸ್ಯಾಂಪಲ್ ತಂದವನು ದುಬೈಯ ಸರಬರಾಜು ಸಂಸ್ಥೆಯ ಹನೀಫ್, ಉಪ್ಪಿನಂಗಡಿ ಕಡೆಯ ಬ್ಯಾರಿ. ನಾನು ಮುಖ ಸಿಂಡರಿಸಿದ್ದನ್ನು ನೋಡಿ ನಕ್ಕ.

"ಸದಾನಂದಣ್ಣ, ಅಗ್ಗ ಅಂತ ಹೇಳಿ ಬಿಸಾಡ್ಬೇಡಿ. ಒಮ್ಮೆ ಹೊಡ್ದು ನೋಡಿ, ಮತ್ತೆ ಬೇಕಾದ್ರೆ ಬೈಯಿರಿ."

ಹೊಡೆದು ನೋಡಿದೆವು. ದಿನವಿಡೀ ಸೊಂಟದಲ್ಲಿರುವ ಪಿಸ್ತೂಲು ಬೆವರು, ಧೂಳು, ಅಂಗಿಯ ಎಳೆ ಎಲ್ಲವನ್ನೂ ತಿನ್ನುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದು, ಬೇಕಾದ ಒಂದು ಕ್ಷಣದಲ್ಲಿ ಕೆಲಸ ಮಾಡಬೇಕು. ಹಾಗಾಗಿ ಮರಳು ಮೆತ್ತಿದೆ, ಎಣ್ಣೆ ಒರೆಸಿದೆ, ಬಿಸಿ ಕಾರಿನಲ್ಲಿಟ್ಟೆ. ಒಂದು ಸಲವೂ ನಿಲ್ಲಲಿಲ್ಲ. ಇದರಿಂದ ನನ್ನ ಅನುಮಾನ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಸ್ಯಾಂಪಲ್ ಎನ್ನುವುದು ಹೆಣ್ಣು ನೋಡಲು ಬಂದ ಗಂಡಿನ ಹಾಗೆ. ಆ ದಿನ ಎಲ್ಲವೂ ಸರಿಯೇ ಇರುತ್ತದೆ. ಹನೀಫ್ ಮನೆಗೆ ಊಟಕ್ಕೆ ಕರೆದ. ಇದೂ ವ್ಯಾಪಾರದ ಭಾಗವೇ ಎಂದುಕೊಂಡು ಹೋಗಲಿಲ್ಲ.

ದೊಡ್ಡ ಆರ್ಡರ್‌ಗೆ ಮೊದಲು ಪರೀಕ್ಷೆಗೆಂದು ಸಣ್ಣ ಕಂತೊಂದನ್ನು ತರಿಸಿ ಆರು ಕಾವಲುಗಾರರಿಗೆ ಅಭ್ಯಾಸಕ್ಕೆ ಕೊಟ್ಟರು. ಅವರಲ್ಲೊಬ್ಬ ಈರಣ್ಣ. ಗೋಕಾಕ ಕಡೆಯವನು, ನನ್ನಂತೆಯೇ ಮಾಜಿ ಸೈನಿಕ, ಐವತ್ತರ ಹತ್ತಿರ. ಮೊದಲ ವಾರ ಎಲ್ಲ ಸರಿಯಿತ್ತು. ಆಮೇಲೆ ಈರಣ್ಣನ ಪಿಸ್ತೂಲು ಅಭ್ಯಾಸದ ನಡುವೆ ನಿಲ್ಲತೊಡಗಿತು. ಗುಂಡು ಹಾರಿದಾಗ ಮೇಲಿನ ಸ್ಲೈಡ್ ಹಿಂದಕ್ಕೆ ಸರಿದು ಖಾಲಿ ಕೋಶವನ್ನು ಎಸೆಯಬೇಕು, ಮುಂದಕ್ಕೆ ಬರುವಾಗ ಹಿಡಿಯೊಳಗಿನ ಗುಂಡಿನ ಡಬ್ಬಿಯಾದ ಮ್ಯಾಗಜೀನಿನಿಂದ ಹೊಸ ಗುಂಡನ್ನು ತಳ್ಳಿಕೊಂಡು ಬರಬೇಕು. ಅವನ ಪಿಸ್ತೂಲಿನಲ್ಲಿ ಹೊಸ ಗುಂಡು ಮೂತಿ ತಗ್ಗಿಸಿ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಉಳಿದ ಐವರಿಗೆ ಈ ತೊಂದರೆ ಇರಲಿಲ್ಲ.

ತರಬೇತುದಾರ ಒಂದೇ ಮಾತಿನಲ್ಲಿ ತೀರ್ಮಾನ ಹೇಳಿದ: ಲಿಂಪ್ ರಿಸ್ಟ್. ಮಣಿಕಟ್ಟಿನ ಹಿಡಿತ ಸಡಿಲವಾದರೆ ಸ್ಲೈಡಿಗೆ ಆಧಾರ ಸಿಗದೆ ಹೀಗಾಗುವುದು ನಿಜ. ಈರಣ್ಣನಿಗೆ ಸಕ್ಕರೆ ಕಾಯಿಲೆ ಇದೆ, ಕೈ ನಡುಗುತ್ತದೆ ಎಂಬ ಮಾತು ಕಾವಲುಗಾರರು ತಂಗುವ ಕ್ಯಾಂಪಿನಲ್ಲಿ ಹರಿದಾಡಿತು. ನಮ್ಮ ಕಾರ್ಯಾಚರಣೆ ನಿರ್ದೇಶಕರು ಜೋರ್ಡಾನಿನ ನಿವೃತ್ತ ಮೇಜರ್. ಮುಂದಿನ ಸೋಮವಾರ ಕೊನೆಯ ಪರೀಕ್ಷೆ, ಫೇಲಾದರೆ ಅನ್‌ಫಿಟ್ ಎಂದರು.

ಅನ್‌ಫಿಟ್ ಎಂದರೆ ವೀಸಾ ರದ್ದು. ಈರಣ್ಣ ನನ್ನ ಕೋಣೆಯ ಬಾಗಿಲಲ್ಲಿ ನಿಂತ.

"ಸಾಹೇಬ್ರ, ನನ್ನ ಕೈಯಾಗ ಏನೂ ದೋಷ ಇಲ್ರಿ. ಗುಂಡು ಮ್ಯಾಲ ಬರೂದಕ್ಕ ಬ್ಯಾಸರ ಮಾಡ್ಕೋತೈತಿ. ಹಿಡದವಂಗ ಗೊತ್ತಾಗತೈತ್ರಿ."

"ಸಕ್ಕರೆ ಇದೆಯಂತಲ್ಲ?"

"ಐತ್ರಿ. ಗುಳಿಗಿ ತಗೋತೀನಿ. ಕೈ ನಡಗೂದಿಲ್ಲ. ಅನ್‌ಫಿಟ್ ಅಂತ ಬರದ್ರ ಮತ್ತ ಯಾರೂ ಕೆಲಸಾ ಕೊಡೂದಿಲ್ರಿ. ಮಗಳ ನರ್ಸಿಂಗ್ ಇನ್ನೂ ಮುಗದಿಲ್ಲ."

ಅವನನ್ನು ನಂಬಿದೆ ಎಂದು ಹೇಳಲಾರೆ. ಚಹಾ ಕೊಟ್ಟು ಅವನ ಕೈಯನ್ನೇ ನೋಡುತ್ತ ಕೂತೆ. ಲೋಟ ಅಲುಗಲಿಲ್ಲ. ಹಾಗಾದರೆ ಮೋಸ ಮಾಡಿದವನು ಹನೀಫ್ ಎಂದು ಮನಸ್ಸು ಆ ಕಡೆ ಹೊರಳಿತು.

ಈರಣ್ಣನ ಪಿಸ್ತೂಲನ್ನು ಪೂರ್ತಿ ಬಿಚ್ಚಿದೆ. ನಳಿಕೆ, ಸ್ಲೈಡಿನ ಸ್ಪ್ರಿಂಗ್, ಖಾಲಿ ಕೋಶವನ್ನು ಎಳೆಯುವ ಕೊಕ್ಕೆ, ಎಲ್ಲವೂ ಸ್ಯಾಂಪಲ್ಲಿನಷ್ಟೇ ಚೆನ್ನಾಗಿದ್ದವು. ಕೊನೆಗೆ ಗುಂಡುಗಳನ್ನು ಮೇಲಕ್ಕೆ ನೂಕುವ ಮ್ಯಾಗಜೀನಿನ ಸ್ಪ್ರಿಂಗನ್ನು ಹೆಬ್ಬೆರಳಿಟ್ಟು ಒತ್ತಿದೆ. ಸ್ಯಾಂಪಲ್ಲಿನದು ಬೆರಳನ್ನು ಹಿಂದಕ್ಕೆ ನೂಕಿತು. ಇದು ಒತ್ತಿದಲ್ಲೇ ಕೂತು, ನಿಧಾನಕ್ಕೆ ಮೇಲೆ ಬಂತು. ಸ್ಯಾಂಪಲ್ಲಿನದರ ತಳದಲ್ಲಿದ್ದ ಕಾರ್ಖಾನೆಯ ಮುದ್ರೆಯೂ ಇದಕ್ಕಿರಲಿಲ್ಲ. ಎರಡನ್ನೂ ಅದಲುಬದಲು ಮಾಡಿ ಹಾರಿಸಿದೆ. ಈರಣ್ಣನ ಪಿಸ್ತೂಲು ಸ್ಯಾಂಪಲ್ಲಿನ ಮ್ಯಾಗಜೀನಿನೊಂದಿಗೆ ಸರಾಗವಾಗಿ ನಡೆಯಿತು. ಸ್ಯಾಂಪಲ್ ಪಿಸ್ತೂಲು ಈರಣ್ಣನ ಮ್ಯಾಗಜೀನಿನೊಂದಿಗೆ ನಿಂತಿತು. ಕಂತಿನಲ್ಲಿ ಬಂದ ಮ್ಯಾಗಜೀನುಗಳಲ್ಲಿ ಒಂದಕ್ಕೂ ಮುದ್ರೆ ಇರಲಿಲ್ಲ.

ಹಾಗಾದರೆ ಉಳಿದ ಐವರಿಗೆ ಯಾಕೆ ಕೆಡಲಿಲ್ಲ? ವಿಚಾರಿಸಿದೆ. ಅವರು ಅಭ್ಯಾಸ ಮುಗಿದ ಕೂಡಲೇ ಮ್ಯಾಗಜೀನ್ ಖಾಲಿ ಮಾಡಿಡುತ್ತಿದ್ದರು. ಈರಣ್ಣ ಕರ್ತವ್ಯದಲ್ಲಿರುವವನಂತೆ ತುಂಬಿಯೇ ಇಡುತ್ತಿದ್ದ; ಬಳಸಬೇಕಾದದ್ದೇ ಹಾಗೆ. ಒಳ್ಳೆಯ ಸ್ಪ್ರಿಂಗ್ ತಿಂಗಳುಗಟ್ಟಲೆ ಅಮುಕಿಟ್ಟರೂ ಸೋಲುವುದಿಲ್ಲ. ಕಳಪೆ ಸ್ಪ್ರಿಂಗ್ ವಾರದಲ್ಲೇ ಮಲಗುತ್ತದೆ. ಸರಿಯಾಗಿ ನಡೆದುಕೊಂಡವನ ಕೈಯಲ್ಲೇ ದೋಷ ಮೊದಲು ಕಾಣಿಸಿತ್ತು.

ಎರಡೂ ಮ್ಯಾಗಜೀನುಗಳನ್ನು ಮೇಜರ್‌ಗೆ ತೋರಿಸಿದೆ. ಅವರು ಒಪ್ಪಲಿಲ್ಲ.

"ಕಳಿಸಿದ್ದೆಲ್ಲ ಸ್ಯಾಂಪಲ್ಲಿನಂಥದ್ದೇ ಎಂದು ಸರಬರಾಜಿನವರು ಬರೆದುಕೊಟ್ಟಿದ್ದಾರೆ. ಇಲ್ಲಿ ಐವರಿಗೆ ನಡೆಯುತ್ತದೆ, ಒಬ್ಬನಿಗೆ ನಡೆಯುವುದಿಲ್ಲ. ಆ ಒಬ್ಬ ನಿನ್ನ ಭಾಷೆಯವನು. ನಾನು ಏನೆಂದು ತಿಳಿಯಲಿ?"

ಅನುಮಾನ ಈಗ ನನ್ನ ಮೇಲೂ ಬಿದ್ದಿತ್ತು. ಶನಿವಾರ ದುಬೈಗೆ ಹೋದೆ. ಮಿರ್ದಿಫ್‌ನಲ್ಲಿ ಹನೀಫನ ಅಪಾರ್ಟ್‌ಮೆಂಟಿನ ಬಾಗಿಲು ತೆರೆದ ಹುಡುಗಿಗೆ "ಅಪ್ಪ ಇದ್ದಾರಾ?" ಎಂದು ಕೇಳಿದರೆ, "ಹೀ ಈಸ್ ಕಮಿಂಗ್, ಅಂಕಲ್" ಎಂದು ಒಳಗೆ ಓಡಿದಳು. ಹನೀಫ್ ಬಂದವನು ನನ್ನ ಮುಖ ನೋಡಿಯೇ ಕುರ್ಚಿಯ ತುದಿಯಲ್ಲಿ ಕೂತ.

"ಸ್ಯಾಂಪಲ್ಲಿಗೆ ಒಂದು ಮ್ಯಾಗಜೀನ್, ಕಂತಿಗೆ ಇನ್ನೊಂದು. ಎಂತ ಇದು ಹನೀಫ್?"

"ಜ್ಯೂಸ್ ಕುಡೀರಿ ಅಣ್ಣ."

"ಜ್ಯೂಸ್ ಕುಡಿಲಿಕ್ಕೆ ಅಬುಧಾಬಿಯಿಂದ ಬರ್ಲಿಲ್ಲ."

ಅವನು ಒಳಬಾಗಿಲ ಕಡೆ ನೋಡಿ ಸ್ವರ ತಗ್ಗಿಸಿದ. "ಬದಲಿಸಿದ್ದು ನಾವೇ. ಆದ್ರೆ ಬದಲಿಸಿ ಅಂತ ಕೇಳಿದ್ದು ನಿಮ್ಮ ದೀಪಕ್. ಫ್ಯಾಕ್ಟರಿಯ ಮ್ಯಾಗಜೀನ್ ತೆಗೆದು, ಮಾರ್ಕೆಟಿನ ಅಗ್ಗದ್ದು ಹಾಕಿ, ರೇಟ್ ಇನ್ನೂ ಇಳಿಸಿ ಅಂದ್ರು. ನನ್ನ ಬಾಸ್ ಒಪ್ಪಿದ್ರು."

"ಗೊತ್ತಿದ್ದೂ ನೀವು ಸುಮ್ಮನಿದ್ರಾ?"

"ದೊಡ್ಡ ಆರ್ಡರ್ ಬಾಕಿ ಉಂಟಲ್ಲ. ನಾನು ಬಾಯಿ ಬಿಟ್ರೆ ಬಾಸ್ ನನ್ನನ್ನು ಇಡುವುದಿಲ್ಲ."

"ಅಲ್ಲಿ ಒಬ್ಬನ ವೀಸಾ ಹೋಗ್ತಾ ಉಂಟು. ಕೈ ಸರಿ ಇಲ್ಲ ಅಂತ ಹೇಳಿ."

ಹನೀಫನಿಗೆ ಅದು ಗೊತ್ತಿರಲಿಲ್ಲ. ಯಾರು, ಎಲ್ಲಿಯವನು, ಎಷ್ಟು ಮಕ್ಕಳು ಎಂದೆಲ್ಲ ಕೇಳಿದ. ಹೇಳಿದೆ. "ಸೋಮವಾರ ಮೇಜರ್ ಎದುರು ಇದನ್ನೇ ಹೇಳ್ತೀರಾ?" ಎಂದು ಕೇಳಿದೆ. ಲಿಫ್ಟಿನವರೆಗೆ ಬಂದ, ಅಷ್ಟೇ. ಅಬುಧಾಬಿಯ ದಾರಿಯುದ್ದಕ್ಕೂ ಯೋಚಿಸಿದೆ: ತಪ್ಪನ್ನು ದೀಪಕ್ ತಲೆಗೆ ಕಟ್ಟಿ ಇವನು ಜಾರಿಕೊಳ್ಳುತ್ತಿದ್ದಾನೆಯೆ?

ಸೋಮವಾರ ಬೆಳಿಗ್ಗೆ ಫೈರಿಂಗ್ ರೇಂಜಿನಲ್ಲಿ ಮೇಜರ್, ತರಬೇತುದಾರ, ದೀಪಕ್ ಎಲ್ಲರೂ ಇದ್ದರು. ಈರಣ್ಣ ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಗೋಡೆಗೆ ಒರಗದೆ ನಿಂತಿದ್ದ. ಪರೀಕ್ಷೆ ಶುರುವಾಗುವ ಹೊತ್ತಿಗೆ ಹನೀಫ್ ಬಂದ. ಜೊತೆಗೆ ಆಯುಧ ಸಾಗಿಸಲು ಪರವಾನಗಿ ಇರುವ ಅವರ ಸಂಸ್ಥೆಯ ವಾಹನದಲ್ಲಿ ಮೊಹರು ಮಾಡಿದ ಒಂದು ಪೆಟ್ಟಿಗೆ. ಮೇಜರ್ ಎದುರು ನಿಂತು, ಯಾರ ಮುಖವನ್ನೂ ನೋಡದೆ, ನನಗೆ ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಹೇಳಿದ.

ದೀಪಕ್ ಅಲ್ಲಗಳೆಯಲಿಲ್ಲ. "ಮ್ಯಾಗಜೀನ್ ಅಂದರೆ ತಗಡಿನ ಡಬ್ಬಿ, ಎಲ್ಲಾ ಒಂದೇ ಅಂದುಕೊಂಡೆ ಸರ್. ಕಂಪನಿಗೇ ಉಳಿತಾಯ ಅಲ್ಲವೆ?" ಅದು ತಿಳಿಯದೆ ಮಾಡಿದ್ದೋ, ಅದರಲ್ಲಿ ಅವನಿಗೆ ಏನಾದರೂ ಸಿಕ್ಕಿತ್ತೋ, ಇಂದಿಗೂ ನನಗೆ ಗೊತ್ತಿಲ್ಲ.

ಮೇಜರ್ ಪೆಟ್ಟಿಗೆ ಒಡೆಸಿದರು. ಕಂತಿನಿಂದ ತೆಗೆದಿಟ್ಟಿದ್ದ ಕಾರ್ಖಾನೆಯ ಮ್ಯಾಗಜೀನುಗಳನ್ನು ತಾವೇ ಆರಿಸಿ, ತಾವೇ ಗುಂಡು ತುಂಬಿ ಈರಣ್ಣನ ಕೈಗೆ ಕೊಟ್ಟರು. ಅವನು ಹಾರಿಸಿದ. ಒಂದು ಮುಗಿಯಿತು, ಇನ್ನೊಂದು ಕೊಟ್ಟರು, ಮತ್ತೊಂದು ಕೊಟ್ಟರು. ಎಲ್ಲೂ ನಿಲ್ಲಲಿಲ್ಲ. ಬಳಿಕ ಈರಣ್ಣನ ಆ ಮುದ್ರೆಯಿಲ್ಲದ ಮ್ಯಾಗಜೀನನ್ನು ಹಾಕಿ ಪಿಸ್ತೂಲನ್ನು ತರಬೇತುದಾರನ ಕೈಗಿತ್ತರು. ಎರಡನೆಯ ಗುಂಡಿಗೇ ಸಿಕ್ಕಿಕೊಂಡಿತು. ತರಬೇತುದಾರ ಅದನ್ನು ಮೇಜಿನ ಮೇಲಿಟ್ಟು ಹಿಂದೆ ಸರಿದ.

"ಖಲಾಸ್," ಎಂದರು ಮೇಜರ್. "ಈ ಮನುಷ್ಯ ಕೆಲಸಕ್ಕೆ ಹೋಗಲಿ."

ಈರಣ್ಣ ಸೆಲ್ಯೂಟ್ ಹೊಡೆದು ಹೊರಗೆ ನಡೆದ. ಹಿಂಬಾಲಿಸಿ ಹೋದಾಗ ಪಾರ್ಕಿಂಗಿನ ನೆರಳಲ್ಲಿ ಕೂತು ಮಗಳಿಗೆ ಫೋನ್ ಮಾಡುತ್ತಿದ್ದ. ನಾನು ಪಕ್ಕದಲ್ಲಿ ಕೂತೆ.

ಕಂಪನಿ ಕೊನೆಗೆ ಅದೇ ಅಗ್ಗದ ಪಿಸ್ತೂಲುಗಳನ್ನೇ ಕೊಂಡಿತು. ಕಾರ್ಖಾನೆಯ ಮ್ಯಾಗಜೀನೇ ಬೇಕು, ಸ್ಪ್ರಿಂಗುಗಳನ್ನು ಅವಧಿಗೆ ಸರಿಯಾಗಿ ಬದಲಿಸಬೇಕು ಎಂಬ ನನ್ನ ಎರಡು ಷರತ್ತುಗಳನ್ನು ಒಪ್ಪಿದರು. ನಾನು ಕೆಲಸ ಬಿಡುವವರೆಗೂ ಅವು ದೂರು ತರಲಿಲ್ಲ. ದೀಪಕ್‌ಗೆ ಒಂದು ಎಚ್ಚರಿಕೆ ಪತ್ರ ಹೋಯಿತು, ಅಷ್ಟೇ. ಹನೀಫನನ್ನು ಅವನ ಬಾಸ್ ಆಯುಧ ವಿಭಾಗದಿಂದ ತೆಗೆದು ಬೆಂಕಿ ಅಲಾರಾಂ ಮಾರಲು ಹಾಕಿದರು. ಫೋನ್ ಮಾಡಿದಾಗ, "ಇದಕ್ಕೆ ಯಾರೂ ಸ್ಯಾಂಪಲ್ ಕೇಳುವುದಿಲ್ಲ ಅಣ್ಣ, ನೆಮ್ಮದಿ ಉಂಟು," ಎಂದ.

ಅಗ್ಗದ ಪಿಸ್ತೂಲನ್ನು ನಂಬಬಹುದೇ ಎಂದು ಈಗಲೂ ಕೆಲವರು ಕೇಳುತ್ತಾರೆ. ನಂಬಬೇಡಿ, ದುಬಾರಿಯದನ್ನೂ ನಂಬಬೇಡಿ. ಅನುಮಾನಪಡುವುದಕ್ಕೇ ಆರ್ಮರರ್‌ಗೆ ಸಂಬಳ. ಆದರೆ ಆಯುಧ ಕೆಟ್ಟಾಗ ಜನರ ಅನುಮಾನ ಮೊದಲು ಬೀಳುವುದು ಅದನ್ನು ಹಿಡಿದವನ ಮೇಲೆ. ಏಕೆಂದರೆ ಅವನೇ ಕಣ್ಣಿಗೆ ಕಾಣುತ್ತಾನೆ. ದೂರದ ಕಚೇರಿಯಲ್ಲಿ ಕೂತು ಒಂದು ಸ್ಪ್ರಿಂಗಿನಲ್ಲಿ ಉಳಿಸಿದವನು ಕಾಣುವುದಿಲ್ಲ. ಮನುಷ್ಯನನ್ನು ಅನ್‌ಫಿಟ್ ಎನ್ನುವ ಮೊದಲು ವಸ್ತುವನ್ನು ಬಿಚ್ಚಿ ನೋಡಬೇಕು. ವಸ್ತುವನ್ನು ಮತ್ತೆ ಜೋಡಿಸಬಹುದು.